ಪ್ಲಗ್-ಇನ್ ಹೈಬ್ರಿಡ್ ಕಾರು: ಕರೆಂಟಿನ ಖರ್ಚು, ಪೆಟ್ರೋಲಿನ ಖರ್ಚು ಅಳೆದು ಹೋಲಿಸುವ ಸಮಗ್ರ ಮಾರ್ಗದರ್ಶಿ

ಪ್ಲಗ್-ಇನ್ ಹೈಬ್ರಿಡ್ (ಗೋಡೆಯ ಸಾಕೆಟ್ಟಿನಿಂದ ಚಾರ್ಜ್ ಮಾಡುವ ಬ್ಯಾಟರಿ, ಪೆಟ್ರೋಲ್ ಎಂಜಿನ್ ಎರಡೂ ಇರುವ ಕಾರು) ಇಟ್ಟುಕೊಂಡವರು ಕರೆಂಟ್ ಅಗ್ಗವೋ ಪೆಟ್ರೋಲ್ ಅಗ್ಗವೋ ಎಂದು ಲೆಕ್ಕಕ್ಕೆ ಕೂತಾಗ ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಡ್ಯಾಶ್‌ಬೋರ್ಡ್ ತೋರಿಸುವ ಯೂನಿಟ್ಟೇ ಬಿಲ್ಲಿಗೆ ಬೀಳುವ ಯೂನಿಟ್ ಎಂದು ನಂಬುತ್ತಾರೆ. ಬ್ಯಾಟರಿಯಲ್ಲಿ ಓಡಿದ ದೂರವನ್ನೂ ಎಂಜಿನ್ನಿನಲ್ಲಿ ಓಡಿದ ದೂರವನ್ನೂ ಒಟ್ಟು ಸೇರಿಸಿ, ಹಾಕಿಸಿದ ಪೆಟ್ರೋಲಿನಿಂದ ಭಾಗಿಸಿ, ಲೀಟರಿಗೆ 60 ಕಿ.ಮೀ. ಎಂಬಂಥ ಮೈಲೇಜ್ ಹಿಡಿದುಕೊಳ್ಳುತ್ತಾರೆ. ಕರೆಂಟ್ ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿ ಬಂದದ್ದನ್ನೇ ದರ ಎಂದುಕೊಳ್ಳುತ್ತಾರೆ. ಇವುಗಳಲ್ಲಿ ಒಂದು ತಪ್ಪಾದರೂ ಉತ್ತರ ತಲೆಕೆಳಗಾಗಬಹುದು.

ಕೆಳಗಿನ ಕ್ರಮದಲ್ಲಿ ಬೆಲೆಯ ಮಾತು ಬರುವುದು ಐದನೇ ಹಂತದಲ್ಲಿ. ಅದು ಬೇಕೆಂದೇ ಮಾಡಿದ್ದು. ಬೆಲೆ ಯಾವಾಗ ಬೇಕಾದರೂ ಬದಲಾದೀತು. ನಿಮ್ಮ ಕಾರು ನಿಮ್ಮ ದಾರಿಯಲ್ಲಿ ಎಷ್ಟು ಯೂನಿಟ್, ಎಷ್ಟು ಲೀಟರ್ ಕುಡಿಯುತ್ತದೆ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ. ಒಮ್ಮೆ ಸರಿಯಾಗಿ ಅಳೆದಿಟ್ಟುಕೊಂಡರೆ, ದರ ಏರಿದಾಗ ಇಳಿದಾಗ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಬೇಕಾಗುವ ಸಾಮಾನು

ಗೋಡೆಯಿಂದ ಕಾರಿಗೆ ಹೋಗುವ ಯೂನಿಟ್ ಅಳೆಯುವ ಒಂದು ಮೀಟರ್, ಕಾರಿನ ಓಡೋಮೀಟರ್, ಒಂದು ಸಣ್ಣ ನೋಟ್‌ಬುಕ್, ಇತ್ತೀಚಿನ ಕರೆಂಟ್ ಬಿಲ್, ಪೆಟ್ರೋಲ್ ಹಾಕಿಸಿದ ರಸೀದಿಗಳು. ಇಷ್ಟೇ ಸಾಕು. ಸಮಯ ಮಾತ್ರ ಎರಡು ಮೂರು ವಾರ ಹಿಡಿಯುತ್ತದೆ. ಒಂದೇ ದಿನದಲ್ಲಿ ಮುಗಿಸಲು ಹೋದವರಿಗೆ ಸಿಗುವುದು ಆ ದಿನದ ಟ್ರಾಫಿಕ್ಕಿನ ಲೆಕ್ಕವೇ ಹೊರತು ಕಾರಿನದಲ್ಲ.

ಇಲ್ಲಿ ಯೂನಿಟ್ ಎಂದಾಗಲೆಲ್ಲ ಒಂದು ಕಿಲೋವ್ಯಾಟ್ ಅವರ್ ಎಂದೇ ಅರ್ಥ. ಕಿಲೋವ್ಯಾಟ್ ಎಂದರೆ ಕರೆಂಟ್ ಹರಿಯುವ ವೇಗ, ಯೂನಿಟ್ ಎಂದರೆ ಹರಿದ ಒಟ್ಟು ಪ್ರಮಾಣ. 3 ಕಿಲೋವ್ಯಾಟ್ ವೇಗದಲ್ಲಿ ಎರಡು ಗಂಟೆ ಚಾರ್ಜ್ ಮಾಡಿದರೆ 6 ಯೂನಿಟ್. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಮುಂದಿನ ಯಾವ ಹಂತವೂ ಕೂಡಿಬರುವುದಿಲ್ಲ.

ಹಂತ 1: ಗೋಡೆಯ ಕಡೆ ಮೀಟರ್ ಹಾಕಿ

ಗೋಡೆಯಿಂದ ಹೊರಟ ಕರೆಂಟ್ ಅಷ್ಟೂ ಬ್ಯಾಟರಿ ಸೇರುವುದಿಲ್ಲ. ಕಾರಿನೊಳಗಿನ ಚಾರ್ಜರ್ ಎಸಿ ಕರೆಂಟನ್ನು ಡಿಸಿಗೆ ತಿರುಗಿಸುವಾಗ ಬಿಸಿಯಾಗಿ ಒಂದಿಷ್ಟು ಕಳೆಯುತ್ತದೆ. ಬ್ಯಾಟರಿ ತುಂಬುವಾಗಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರುಗಳು, ಕೂಲಿಂಗ್ ಪಂಪ್, 12 ವೋಲ್ಟ್ ಬ್ಯಾಟರಿಯ ಚಾರ್ಜಿಂಗ್ ಎಲ್ಲವೂ ನಡೆಯುತ್ತಲೇ ಇರುತ್ತವೆ. ಒಟ್ಟಾರೆ ನಷ್ಟ ಸಾಮಾನ್ಯವಾಗಿ ಶೇ. 10ರಿಂದ 20ರ ನಡುವೆ, ನಿಧಾನದ ಚಾರ್ಜಿಂಗ್‌ನಲ್ಲಿ ಅದಕ್ಕೂ ಹೆಚ್ಚು. ಡ್ಯಾಶ್‌ಬೋರ್ಡಿಗೆ ಇದು ಕಾಣುವುದೇ ಇಲ್ಲ. ಅದು ತೋರಿಸುವುದು ಬ್ಯಾಟರಿಯಿಂದ ಹೊರಬಂದದ್ದನ್ನು ಮಾತ್ರ. ಬಿಲ್ ಬರುವುದು ಗೋಡೆಯಿಂದ ಹೋದದ್ದಕ್ಕೆ.

ನಿಧಾನವಾಗಿ ಚಾರ್ಜ್ ಮಾಡಿದರೆ ನಷ್ಟ ಏಕೆ ಹೆಚ್ಚು? ಕಾರಿನ ಪಂಪು, ಕಂಪ್ಯೂಟರುಗಳು 150 ವ್ಯಾಟ್ ತಿನ್ನುತ್ತವೆ ಎಂದಿಟ್ಟುಕೊಳ್ಳಿ. ಮೂರು ಗಂಟೆಯಲ್ಲಿ ಚಾರ್ಜ್ ಮುಗಿದರೆ ಅವು ತಿಂದದ್ದು 0.45 ಯೂನಿಟ್. ಅದೇ ಬ್ಯಾಟರಿ ಸಣ್ಣ ಸಾಕೆಟ್ಟಿನಲ್ಲಿ ಹತ್ತು ಗಂಟೆ ತೆಗೆದುಕೊಂಡರೆ 1.5 ಯೂನಿಟ್. ಎಂಟು ಹತ್ತು ಯೂನಿಟ್ಟಿನ ಬ್ಯಾಟರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಕಾರು ಎರಡು ಮೂರು ಆಂಪಿಯರ್ ಮಟ್ಟಗಳನ್ನು ಕೊಡುತ್ತಿದ್ದು, ಮನೆಯ ವೈರಿಂಗ್ ತಾಳುವುದಾದರೆ ಮೇಲಿನ ಮಟ್ಟವನ್ನೇ ಆರಿಸಿಕೊಳ್ಳಿ.

ಅಳೆಯುವ ದಾರಿ ಮೂರು ಇವೆ.

1. ಗೋಡೆಗೆ ಕೂರಿಸಿದ ಚಾರ್ಜಿಂಗ್ ಪೆಟ್ಟಿಗೆ ಇದ್ದರೆ ಅದರ ಆಪ್‌ನಲ್ಲೇ ಪ್ರತಿ ಚಾರ್ಜಿನ ಯೂನಿಟ್ ಸಿಗುತ್ತದೆ. ಕಾರಿನೊಳಗಿನ ಚಾರ್ಜರ್ ಇದರ ನಂತರ ಬರುವುದರಿಂದ ಅದರ ನಷ್ಟವೂ ಈ ಅಂಕಿಯೊಳಗೇ ಇರುತ್ತದೆ. ಇದೇ ಎಲ್ಲಕ್ಕಿಂತ ಸುಲಭದ ದಾರಿ.

2. ಎಲೆಕ್ಟ್ರಿಷಿಯನ್ ಕೈಲಿ ಚಾರ್ಜಿಂಗ್ ಲೈನಿಗೆ ಪ್ರತ್ಯೇಕ ಸಬ್‌ಮೀಟರ್ ಹಾಕಿಸಬಹುದು. ವರ್ಷಗಟ್ಟಲೆ ಲೆಕ್ಕ ಇಡುವವರಿಗೆ ಇದು ಒಳ್ಳೆಯದು.

3. ಸಾಕೆಟ್ ಮತ್ತು ಚಾರ್ಜಿಂಗ್ ಕೇಬಲ್ ನಡುವೆ ಸಿಕ್ಕಿಸುವ ಪ್ಲಗ್ ಮೀಟರ್. ಅಗ್ಗವಾದದ್ದು, ಆದರೆ ಎಚ್ಚರಿಕೆ ಬೇಕಾದದ್ದೂ ಇದಕ್ಕೇ.

ಪ್ಲಗ್ ಮೀಟರಿನ ಮೇಲೆ ಬರೆದಿರುವ ಆಂಪಿಯರ್ ಮಿತಿ ನಿಮ್ಮ ಚಾರ್ಜಿಂಗ್ ಕೇಬಲ್ ಎಳೆಯುವ ಆಂಪಿಯರಿಗಿಂತ ಹೆಚ್ಚಿರಲೇಬೇಕು. 10 ಆಂಪಿಯರಿನ ಮೀಟರಿಗೆ 16 ಆಂಪಿಯರ್ ಎಳೆಯುವ ಕೇಬಲ್ ಸಿಕ್ಕಿಸಬೇಡಿ. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಎಳೆಯುವುದಕ್ಕೂ ಕಾರು ಐದಾರು ಗಂಟೆ ಬಿಡದೆ ಎಳೆಯುವುದಕ್ಕೂ ಬಹಳ ಅಂತರವಿದೆ. ಹತ್ತು ನಿಮಿಷ ತಾಳುವ ಸಡಿಲ ಸಾಕೆಟ್ ಐದು ಗಂಟೆಯಲ್ಲಿ ಕರಗಬಹುದು. ಚಾರ್ಜ್ ಶುರುವಾದ ಅರ್ಧ ಗಂಟೆಗೆ ಪ್ಲಗ್ಗಿನ ಹೊರಮೈಯನ್ನು ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿ, ಪ್ಲಾಸ್ಟಿಕ್ ಕಂದು ತಿರುಗಿರುವುದು, ಸುಟ್ಟ ವಾಸನೆ, ಬ್ರೇಕರ್ ಪದೇ ಪದೇ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಮೊದಲು ಕಾರಿನ ಕಡೆಯಿಂದ ಚಾರ್ಜ್ ನಿಲ್ಲಿಸಿ, ಆ ಲೈನಿನ ಬ್ರೇಕರ್ ಇಳಿಸಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬಳಸಲೇಬೇಡಿ. ಕೇಬಲ್ಲಿನ ಕೈಪಿಡಿ ನಡುವೆ ಏನನ್ನೂ ಸಿಕ್ಕಿಸಬಾರದೆಂದು ಹೇಳಿದ್ದರೆ ಅದನ್ನು ಪಾಲಿಸಿ, ಎರಡನೆಯ ದಾರಿ ಹಿಡಿಯಿರಿ. ಅಳತೆ ಮುಗಿದ ಮೇಲೆ ಪ್ಲಗ್ ಮೀಟರನ್ನು ತೆಗೆದಿಡಿ. ಜೋಡಣೆಗಳು ಹೆಚ್ಚಿದಷ್ಟೂ ಬಿಸಿಯಾಗುವ ಜಾಗಗಳು ಹೆಚ್ಚು.

ಯಾವ ಮೀಟರೂ ಇಲ್ಲದಿದ್ದರೆ ಮನೆಯ ಮುಖ್ಯ ಮೀಟರಿನ ರೀಡಿಂಗನ್ನು ಚಾರ್ಜಿಗೆ ಮೊದಲು ಮತ್ತು ನಂತರ ಬರೆದುಕೊಂಡು, ಚಾರ್ಜ್ ಇಲ್ಲದ ಇನ್ನೊಂದು ರಾತ್ರಿ ಅದೇ ಅವಧಿಯಲ್ಲಿ ಮನೆ ತಿಂದದ್ದನ್ನು ಕಳೆಯಬಹುದು. ಅಂದಾಜಿಗೆ ಸಾಕು. ಮೀಟರ್ ಪೂರ್ಣ ಯೂನಿಟ್ ಮಾತ್ರ ತೋರಿಸಿದರೆ 8 ಯೂನಿಟ್ಟಿನ ಒಂದು ಚಾರ್ಜಿಗೆ ಒಂದು ಯೂನಿಟ್ ಆಚೀಚೆ ಆಗುವುದೆಂದರೆ ಶೇ. 12ರಷ್ಟು ತಪ್ಪು. ಹಾಗಾಗಿ ಒಂದೇ ಚಾರ್ಜನ್ನು ನಂಬಬೇಡಿ.

ಹಂತ 2: ಕರೆಂಟಿನ ಓಟ ಅಳೆಯಿರಿ

ತುಂಬಿದ ಬ್ಯಾಟರಿಯಿಂದ ತುಂಬಿದ ಬ್ಯಾಟರಿಯವರೆಗೆ ಅಳೆಯುವುದು ಈ ಹಂತದ ಗುಟ್ಟು. ಹೀಗೆ ಮಾಡಿದರೆ ಬ್ಯಾಟರಿಯ ಗಾತ್ರ ಎಷ್ಟು, ಅದರಲ್ಲಿ ಬಳಕೆಗೆ ಸಿಗುವುದು ಎಷ್ಟು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬ್ರೋಷರಿನ ಬ್ಯಾಟರಿ ಗಾತ್ರವನ್ನು ಭಾಗಿಸಿ ಗುಣಿಸಿ ಲೆಕ್ಕ ಹಾಕುವವರು ತಪ್ಪುವುದು ಇಲ್ಲೇ. ಕಾರು ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುವುದೂ ಇಲ್ಲ, ಪೂರ್ತಿ ತುಂಬುವುದೂ ಇಲ್ಲ. 2011ರ ಷೆವರ್ಲೆ ವೋಲ್ಟ್‌ನ ಬ್ಯಾಟರಿ 16 ಯೂನಿಟ್ಟಿನದು. ಓಡಿಸಲು ಸಿಗುತ್ತಿದ್ದದ್ದು ಅದರ ಮೂರನೇ ಎರಡು ಭಾಗದಷ್ಟು ಮಾತ್ರ.

1. ಚಾರ್ಜ್ ತಾನಾಗಿ ನಿಲ್ಲುವವರೆಗೆ ತುಂಬಿಸಿ. ಶೇ. 100 ತೋರಿಸಿದ ಮೇಲೂ ಕೆಲವು ಕಾರುಗಳು ಸ್ವಲ್ಪ ಹೊತ್ತು ಕರೆಂಟ್ ಎಳೆಯುತ್ತಿರುತ್ತವೆ. ಮೀಟರಿನ ವ್ಯಾಟ್ ಅಂಕಿ ತೀರಾ ಕೆಳಗಿಳಿಯುವವರೆಗೆ ಕಾಯಿರಿ.

2. ಓಡೋಮೀಟರ್ ಬರೆದುಕೊಳ್ಳಿ, ಗೋಡೆಯ ಮೀಟರನ್ನು ಸೊನ್ನೆಗೆ ತನ್ನಿ.

3. ಎಲೆಕ್ಟ್ರಿಕ್ ಮೋಡಿನಲ್ಲಿ ನಿಮ್ಮ ದಿನನಿತ್ಯದ ದಾರಿಯಲ್ಲೇ ಓಡಿಸಿ. ಬ್ಯಾಟರಿ ಮುಗಿದು ಎಂಜಿನ್ ಹತ್ತಿಕೊಳ್ಳುವ ಮೊದಲೇ ಮನೆ ಸೇರುವಂತೆ ನೋಡಿಕೊಳ್ಳಿ.

4. ಅದೇ ಸಾಕೆಟ್ಟಿನಲ್ಲಿ ಮತ್ತೆ ಪೂರ್ತಿ ತುಂಬಿಸಿ. ಈಗ ಗೋಡೆಯ ಮೀಟರ್ ತೋರಿಸುವುದೇ ಆ ದೂರಕ್ಕೆ ತಗುಲಿದ ನಿಜವಾದ ಯೂನಿಟ್.

5. ಇದನ್ನು ಕನಿಷ್ಠ ಐದು ಬಾರಿ ಮಾಡಿ. ಎಲ್ಲ ಯೂನಿಟ್ ಕೂಡಿಸಿ, ಎಲ್ಲ ಕಿ.ಮೀ. ಕೂಡಿಸಿ, ಆಮೇಲೆ ಭಾಗಿಸಿ.

ಕೊನೆಯ ಸಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 40 ಕಿ.ಮೀ.ಗೆ 8 ಯೂನಿಟ್, 10 ಕಿ.ಮೀ.ಗೆ 3 ಯೂನಿಟ್ ಆದರೆ 100 ಕಿ.ಮೀ.ಗೆ ಕ್ರಮವಾಗಿ 20 ಮತ್ತು 30. ಇವೆರಡರ ಸರಾಸರಿ 25 ಎಂದರೆ ತಪ್ಪು. 50 ಕಿ.ಮೀ.ಗೆ 11 ಯೂನಿಟ್, ಅಂದರೆ 22. ಸರಾಸರಿಗಳ ಸರಾಸರಿ ತೆಗೆಯುವ ಅಭ್ಯಾಸ ಚಿಕ್ಕ ಓಡಾಟಗಳಿಗೆ ಇಲ್ಲದ ತೂಕ ಕೊಡುತ್ತದೆ.

ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ, ಏರು ಹತ್ತುವಾಗ, ಹೀಟರ್ ಹಾಕಿದಾಗ ಎಷ್ಟೋ ಕಾರುಗಳು ಬ್ಯಾಟರಿಯಿದ್ದರೂ ಎಂಜಿನ್ನನ್ನು ಎಬ್ಬಿಸುತ್ತವೆ. 2012ರ ಪ್ರಿಯಸ್ ಪ್ಲಗ್-ಇನ್ ಗಂಟೆಗೆ ಸುಮಾರು 100 ಕಿ.ಮೀ. ದಾಟಿದರೆ ಎಂಜಿನ್ ಸೇರಿಸಿಕೊಳ್ಳುತ್ತಿತ್ತು. ಎಂಜಿನ್ ನಿಮಿಷಗಟ್ಟಲೆ ಓಡಿದ ಓಟವನ್ನು ಈ ಲೆಕ್ಕದಿಂದ ಪೂರ್ತಿ ತೆಗೆದುಹಾಕಿ.

ಇನ್ನೊಂದು ವಿಷಯ. ಹೊರಡುವ ಮೊದಲು ಪ್ಲಗ್ ಹಾಕಿಟ್ಟೇ ಕಾರಿನ ಒಳಗನ್ನು ತಂಪು ಅಥವಾ ಬೆಚ್ಚಗೆ ಮಾಡುವ ಸೌಲಭ್ಯವನ್ನು ನೀವು ದಿನಾ ಬಳಸುತ್ತೀರಾದರೆ ಅಳತೆಯ ದಿನವೂ ಬಳಸಿ. ಆ ಯೂನಿಟ್ಟಿಗೂ ನೀವು ಹಣ ಕಟ್ಟುತ್ತಿದ್ದೀರಿ. ಗೋಡೆಯ ಮೀಟರಿನಲ್ಲಿ ಅದು ಸೇರುತ್ತದೆ, ಡ್ಯಾಶ್‌ಬೋರ್ಡಿನ ಓಟದ ಲೆಕ್ಕದಲ್ಲಿ ಸೇರುವುದಿಲ್ಲ.

ಒಂದು ಮಾದರಿ ಲೆಕ್ಕ: ಐದು ಚಾರ್ಜುಗಳಲ್ಲಿ ಗೋಡೆಯ ಮೀಟರ್ 46 ಯೂನಿಟ್, ಓಡಿದ್ದು 220 ಕಿ.ಮೀ. ಭಾಗಿಸಿದರೆ 100 ಕಿ.ಮೀ.ಗೆ 20.9 ಯೂನಿಟ್, ಅಂದರೆ ಒಂದು ಕಿ.ಮೀ.ಗೆ 0.209. ಅದೇ ಓಟಕ್ಕೆ ಡ್ಯಾಶ್‌ಬೋರ್ಡ್ ತೋರಿಸಿದ್ದು 100 ಕಿ.ಮೀ.ಗೆ 17.4. ಇವೆರಡರ ಅನುಪಾತ 0.83. ನಿಮ್ಮ ಕಾರಿನ ಈ ಅನುಪಾತ ಒಮ್ಮೆ ಗೊತ್ತಾದರೆ, ಅದೇ ಸಾಕೆಟ್, ಅದೇ ಆಂಪಿಯರ್ ಇರುವವರೆಗೆ ಡ್ಯಾಶ್‌ಬೋರ್ಡಿನ ಅಂಕಿಯನ್ನು ಅದರಿಂದ ಭಾಗಿಸಿ ಗೋಡೆಯ ಅಂಕಿ ಪಡೆಯಬಹುದು. ಪ್ರತಿ ಬಾರಿ ಮೀಟರ್ ಹಿಡಿಯಬೇಕಿಲ್ಲ.

ಹಂತ 3: ಪೆಟ್ರೋಲಿನ ಓಟ ಬೇರೆಯಾಗಿ ಅಳೆಯಿರಿ

ಬಹಳ ಮಂದಿ ಬಿಟ್ಟುಬಿಡುವ ಹಂತ ಇದು. ದಿನಾ ಚಾರ್ಜ್ ಮಾಡುವವರಿಗೆ ತಮ್ಮ ಕಾರಿನ ನಿಜವಾದ ಪೆಟ್ರೋಲ್ ಮೈಲೇಜ್ ಗೊತ್ತೇ ಇರುವುದಿಲ್ಲ. ಹಾಗೆಂದು ಬ್ರೋಷರಿನ ಅಂಕಿ ಎತ್ತಿಕೊಂಡರೆ ಇನ್ನೂ ದೊಡ್ಡ ತಪ್ಪಾಗುತ್ತದೆ. ಪ್ಲಗ್-ಇನ್ ಹೈಬ್ರಿಡ್‌ಗಳ ಅಧಿಕೃತ ಸಂಯುಕ್ತ ಮೈಲೇಜಿನಲ್ಲಿ, ಮಾಲೀಕರು ಇಂತಿಷ್ಟು ಪಾಲು ಕರೆಂಟಿನಲ್ಲೇ ಓಡಿಸುತ್ತಾರೆ ಎಂಬ ಊಹೆ ಸೇರಿದೆ. 2021ರಲ್ಲಿ ನೋಂದಣಿಯಾದ ಕಾರುಗಳ ದತ್ತಾಂಶ ಇಟ್ಟುಕೊಂಡು ಯುರೋಪಿಯನ್ ಕಮಿಷನ್ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಇಂಥ ಕಾರುಗಳು ರಸ್ತೆಯಲ್ಲಿ ನಿಜಕ್ಕೂ ಕುಡಿಯುವ ಇಂಧನ ಅಧಿಕೃತ ಅಂಕಿಯ ಸುಮಾರು ಮೂರೂವರೆ ಪಟ್ಟು. ಬ್ರೋಷರಿನಿಂದಲೇ ತೆಗೆದುಕೊಳ್ಳಬೇಕಾದರೆ, ಬ್ಯಾಟರಿ ಮುಗಿದ ಮೇಲಿನ ಮೈಲೇಜ್ ಎಂದು ಬೇರೆಯಾಗಿ ಕೊಟ್ಟಿರುವುದನ್ನು ಹುಡುಕಿ ತೆಗೆದುಕೊಳ್ಳಿ.

ಅಳೆಯುವ ನಿಯಮ ಒಂದೇ: ಓಟದ ಆರಂಭದಲ್ಲೂ ಕೊನೆಯಲ್ಲೂ ಬ್ಯಾಟರಿ ಒಂದೇ ಮಟ್ಟದಲ್ಲಿರಬೇಕು.

1. ಕಾರು ತಾನಾಗಿ ಹೈಬ್ರಿಡ್ ಮೋಡಿಗೆ, ಅಂದರೆ ಎಂಜಿನ್ ಬಳಸಿ ಓಡುವ ಸ್ಥಿತಿಗೆ, ಬರುವವರೆಗೆ ಬ್ಯಾಟರಿ ಬಳಸಿ ಮುಗಿಸಿ.

2. ಪೆಟ್ರೋಲ್ ಬಂಕಿಗೆ ಹೋಗಿ. ಪ್ಲಗ್-ಇನ್ ಹೈಬ್ರಿಡ್‌ಗಳ ಟ್ಯಾಂಕಿನಲ್ಲಿ ಆವಿಯ ಒತ್ತಡ ಇರುವುದರಿಂದ ಮುಚ್ಚಳದ ಬಟನ್ ಒತ್ತಿದ ಮೇಲೆ ಕೆಲವು ಸೆಕೆಂಡ್ ಕಾಯಬೇಕಾಗುತ್ತದೆ. ಡ್ಯಾಶ್‌ಬೋರ್ಡ್ ತಯಾರು ಎಂದ ಮೇಲೇ ತೆರೆಯಿರಿ.

3. ನಾಝಲ್ ಮೊದಲ ಸಲ ಟಕ್ ಎಂದು ನಿಂತಲ್ಲಿಗೇ ನಿಲ್ಲಿಸಿ. ಅದರ ಮೇಲೆ ಒತ್ತಿ ತುಂಬಿಸಬೇಡಿ, ಅಳತೆಯೂ ಕೆಡುತ್ತದೆ, ಆವಿ ಹಿಡಿಯುವ ಭಾಗಕ್ಕೆ ಪೆಟ್ರೋಲ್ ನುಗ್ಗಿ ಅದೂ ಕೆಡುತ್ತದೆ.

4. ಓಡೋಮೀಟರ್ ಬರೆದುಕೊಂಡು, ನಡುವೆ ಒಮ್ಮೆಯೂ ಪ್ಲಗ್ ಹಾಕದೆ ಕನಿಷ್ಠ 300 ಕಿ.ಮೀ. ಓಡಿಸಿ.

5. ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಕಾರು ಅದೇ ದಿಕ್ಕಿಗೆ ನಿಲ್ಲಿಸಿ ಮೊದಲ ಟಕ್‌ವರೆಗೆ ತುಂಬಿಸಿ. ಹಾಕಿಸಿದ ಲೀಟರ್ ಎಷ್ಟೋ ಅದೇ ಖರ್ಚಾದ ಲೀಟರ್.

300 ಕಿ.ಮೀ. ಏಕೆಂದರೆ, ನಾಝಲ್ ನಿಲ್ಲುವ ಜಾಗದಲ್ಲಿ ಅರ್ಧದಿಂದ ಒಂದು ಲೀಟರ್ ಆಚೀಚೆ ಆಗುವುದು ಸಹಜ. 5 ಲೀಟರಿನ ಓಟದಲ್ಲಿ ಒಂದು ಲೀಟರ್ ತಪ್ಪಿದರೆ ಶೇ. 20 ತಪ್ಪು, 20 ಲೀಟರಿನ ಓಟದಲ್ಲಿ ಅದು ಶೇ. 5ಕ್ಕೆ ಇಳಿಯುತ್ತದೆ.

ಉದ್ದನೆಯ ಇಳಿಜಾರಿನ ಕೊನೆಗೆ ಬಂಕ್ ಇದ್ದರೆ ಬ್ರೇಕಿನಿಂದ ಬ್ಯಾಟರಿ ತುಂಬಿಕೊಂಡಿರುತ್ತದೆ. ಆ ಚಾರ್ಜ್ ಕರಗುವವರೆಗೆ ಇನ್ನಷ್ಟು ಓಡಿಸಿ, ಆಮೇಲೆ ತುಂಬಿಸಿ. ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಮೋಡನ್ನಂತೂ ಈ ಓಟದಲ್ಲಿ ಮುಟ್ಟಲೇಬೇಡಿ.

ಮಾದರಿ ಲೆಕ್ಕ ಮುಂದುವರಿಸೋಣ: 360 ಕಿ.ಮೀ.ಗೆ 20.5 ಲೀಟರ್. ಲೀಟರಿಗೆ 17.56 ಕಿ.ಮೀ., ಅಂದರೆ 100 ಕಿ.ಮೀ.ಗೆ 5.69 ಲೀಟರ್.

ಹಂತ 4: ಸಮತೂಕದ ಅಂಕಿ ತೆಗೆಯಿರಿ

ಇಲ್ಲಿಯವರೆಗಿನ ಶ್ರಮವೆಲ್ಲ ಈ ಒಂದು ಅಂಕಿಗಾಗಿ. ಸೂತ್ರ ಸರಳ: ಲೀಟರಿಗೆ ಓಡುವ ಕಿ.ಮೀ.ಯನ್ನು ಕಿ.ಮೀ.ಗೆ ತಗುಲುವ ಯೂನಿಟ್ಟಿನಿಂದ ಗುಣಿಸಿ. ನಮ್ಮ ಮಾದರಿಯಲ್ಲಿ 17.56 × 0.209 = 3.67. ಒಂದು ಲೀಟರ್ ಪೆಟ್ರೋಲ್ ಈ ಕಾರನ್ನು ಒಯ್ಯುವಷ್ಟೇ ದೂರಕ್ಕೆ ಗೋಡೆಯ 3.67 ಯೂನಿಟ್ ಒಯ್ಯುತ್ತದೆ ಎಂದು ಇದರ ಅರ್ಥ. ಒಂದು ಲೀಟರಿನ ಬೆಲೆಗೆ 3.67ಕ್ಕಿಂತ ಹೆಚ್ಚು ಯೂನಿಟ್ ಕೊಳ್ಳಬಹುದಾದರೆ ಕರೆಂಟ್ ಅಗ್ಗ, ಕಡಿಮೆ ಬಂದರೆ ಪೆಟ್ರೋಲ್ ಅಗ್ಗ. ಯಾವ ದೇಶದ ದುಡ್ಡಿಗೂ ಇದು ಒಂದೇ.

ಡ್ಯಾಶ್‌ಬೋರ್ಡಿನ ಅಂಕಿಯನ್ನೇ ನಂಬಿ ಗುಣಿಸಿದ್ದರೆ 3.06 ಬರುತ್ತಿತ್ತು. ಲೀಟರಿನ ಬೆಲೆ ಯೂನಿಟ್ಟಿನ ಬೆಲೆಯ 3.4 ಪಟ್ಟು ಇರುವ ಕಡೆ ಅದು ಕರೆಂಟ್ ಅಗ್ಗ ಎಂದು ಹೇಳುತ್ತಿತ್ತು. ನಿಜದಲ್ಲಿ ಅಲ್ಲಿ ಪೆಟ್ರೋಲೇ ಅಗ್ಗ.

ನಿಮ್ಮ ಅಂಕಿ ಹಾದಿ ತಪ್ಪಿಲ್ಲವೇ ಎಂದು ನೋಡಲು ಒಂದು ಹೋಲಿಕೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಧಿಕೃತ ಅಂಕಿಗಳಲ್ಲಿ ಚಾರ್ಜಿಂಗ್ ನಷ್ಟವೂ ಸೇರಿರುತ್ತದೆ. ಅವುಗಳಿಂದ ಲೆಕ್ಕ ಹಾಕಿದರೆ 2017ರ ಪ್ರಿಯಸ್ ಪ್ರೈಮ್, 2016ರ ಷೆವರ್ಲೆ ವೋಲ್ಟ್, ಟೊಯೊಟಾ ರಾವ್4 ಪ್ರೈಮ್ ಮೂರಕ್ಕೂ ಲೀಟರಿಗೆ 3.5ರಿಂದ 3.6 ಯೂನಿಟ್ ಬರುತ್ತದೆ. ಭಾರದ ಎಸ್‌ಯುವಿ ಬಿಎಂಡಬ್ಲ್ಯು ಎಕ್ಸ್5 45ಇ ಕಾರಿಗೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡ ಕಾರು ಕರೆಂಟನ್ನೂ ಹೆಚ್ಚು ತಿನ್ನುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ, ಅನುಪಾತ ಮಾತ್ರ ಅಲ್ಲೇ ನಿಲ್ಲುತ್ತದೆ. ಅಳೆಯಲು ಪುರುಸೊತ್ತಿಲ್ಲದವರು ಸದ್ಯಕ್ಕೆ 3.6 ಹಿಡಿದುಕೊಂಡರೂ ದೊಡ್ಡ ತಪ್ಪಾಗದು. ನಿಮ್ಮ ಅಳತೆ 2.5ಕ್ಕಿಂತ ಕೆಳಗೆ ಅಥವಾ 5.5ಕ್ಕಿಂತ ಮೇಲೆ ಬಂದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಿರಿ.

ಇಲ್ಲಿ 8.9 ಎಂಬ ಇನ್ನೊಂದು ಅಂಕಿ ಜನರನ್ನು ದಾರಿ ತಪ್ಪಿಸುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಾಖಶಕ್ತಿ ಸುಮಾರು 8.9 ಯೂನಿಟ್ಟಿಗೆ ಸಮ. ಅಮೆರಿಕದ ಲೆಕ್ಕದಲ್ಲಿ ಒಂದು ಗ್ಯಾಲನ್ನಿಗೆ 33.7 ಯೂನಿಟ್. ಎಲೆಕ್ಟ್ರಿಕ್ ಓಟದ ಸಮಾನ ಮೈಲೇಜ್ ಎಂದು ಕೊಡುವ ದೊಡ್ಡ ದೊಡ್ಡ ಅಂಕಿಗಳು ಇದರಿಂದ ಬಂದವು. ಆದರೆ ಎಂಜಿನ್ ಆ ಶಾಖದ ಬಹುಪಾಲನ್ನು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಚೆಲ್ಲುತ್ತದೆ. ಹಾಗಾಗಿ ಖರ್ಚಿನ ಹೋಲಿಕೆಗೆ 8.9 ಬಳಸಬಾರದು.

ಹಂತ 5: ಈಗ ದರ ಸೇರಿಸಿ

ಕರೆಂಟಿನ ದರವೆಂದರೆ ಕಾರಿಗಾಗಿ ಹೆಚ್ಚುವರಿಯಾಗಿ ಕೊಂಡ ಯೂನಿಟ್ಟಿಗೆ ತೆರುವ ದರ. ಬಳಕೆ ಹೆಚ್ಚಿದಂತೆ ದರ ಏರುವ ಸ್ಲ್ಯಾಬ್ ಪದ್ಧತಿಯಿದ್ದರೆ ಕಾರಿನ ಯೂನಿಟ್ಟುಗಳು ಮೇಲಿನ ಸ್ಲ್ಯಾಬಿಗೆ ಬೀಳುತ್ತವೆ. ಆ ದರವನ್ನೇ, ತೆರಿಗೆ ಸೇರಿಸಿ, ತೆಗೆದುಕೊಳ್ಳಿ. ಕಾರು ಇರಲಿ ಬಿಡಲಿ ಕಟ್ಟಬೇಕಾದ ನಿಗದಿತ ಶುಲ್ಕವನ್ನು ಬಿಡಿ. ಚಾರ್ಜರಿಗೆಂದೇ ಮಂಜೂರಾದ ಲೋಡ್ ಹೆಚ್ಚಿಸಿಕೊಂಡು ನಿಗದಿತ ಶುಲ್ಕ ಏರಿದ್ದರೆ, ಆ ಏರಿಕೆಯನ್ನಷ್ಟೇ ತಿಂಗಳ ಕಾರಿನ ಯೂನಿಟ್ಟಿಗೆ ಹಂಚಿ ಸೇರಿಸಿ. ಹೊತ್ತಿಗೊಂದು ದರವಿರುವ ಕಡೆ, ಕಾರು ನಿಜವಾಗಿ ಚಾರ್ಜ್ ಆಗುವ ಹೊತ್ತಿನ ದರ ಹಿಡಿಯಿರಿ. ರಾತ್ರಿ ದರ ಅಗ್ಗವೆಂದು ಲೆಕ್ಕ ಹಾಕಿ, ಸಂಜೆ ಬಂದ ತಕ್ಷಣ ಪ್ಲಗ್ ಹಾಕುವವರು ಟೈಮರ್ ಇಡಲು ಮರೆಯಬಾರದು.

ಮನೆಯ ಮೇಲೆ ಸೋಲಾರ್ ಇದೆ, ಹಾಗಾಗಿ ಕರೆಂಟ್ ಉಚಿತ ಎನ್ನುವ ಮಾತು ಅರ್ಧ ಸರಿ. ಆ ಯೂನಿಟ್ಟನ್ನು ಗ್ರಿಡ್‌ಗೆ ಕೊಟ್ಟಿದ್ದರೆ ಎಷ್ಟು ಸಿಗುತ್ತಿತ್ತೋ ಅದೇ ಅದರ ಬೆಲೆ. ಏನೂ ಸಿಗುತ್ತಿರಲಿಲ್ಲವಾದರೆ ಮಾತ್ರ ಸೊನ್ನೆ.

ಪೆಟ್ರೋಲಿಗೆ ರಸೀದಿಯ ಬೆಲೆ ಸಾಕು. ನಿಮ್ಮ ಎಂಜಿನ್ ಹೆಚ್ಚು ಆಕ್ಟೇನಿನ ಪೆಟ್ರೋಲ್ ಕೇಳುವುದಾದರೆ ಅದರ ಬೆಲೆ ಹಾಕಿ.

ಲೀಟರಿನ ಬೆಲೆಯನ್ನು ಯೂನಿಟ್ಟಿನ ಬೆಲೆಯಿಂದ ಭಾಗಿಸಿ. 8 ಬಂದರೆ, 3.67ನ್ನು 8ರಿಂದ ಭಾಗಿಸಿದಾಗ 0.46. ಕರೆಂಟಿನ ಓಟಕ್ಕೆ ಪೆಟ್ರೋಲಿನ ಓಟದ ಶೇ. 46 ಖರ್ಚು. 5 ಬಂದರೆ ಶೇ. 73. 3 ಬಂದರೆ ಶೇ. 122, ಅಂದರೆ ಪ್ಲಗ್ ಹಾಕುವುದರಿಂದ ಹಣ ಉಳಿಯುವುದಿಲ್ಲ.

ಹಂತ 6: ಹೆದ್ದಾರಿ, ಊರೊಳಗಿನ ಓಟ, ಚಳಿ ಇವಕ್ಕೆ ಬೇರೆ ಅಂಕಿ ಇಟ್ಟುಕೊಳ್ಳಿ

ಸಮತೂಕದ ಅಂಕಿ ಎಲ್ಲ ದಾರಿಗೂ ಒಂದೇ ಅಲ್ಲ. ಊರೊಳಗೆ ನಿಂತು ನಿಂತು ಸಾಗುವಾಗ ಕರೆಂಟಿನ ಮೋಟಾರಿಗೆ ಅನುಕೂಲ ಹೆಚ್ಚು. ನಾಲ್ಕೈದು ಕಿ.ಮೀ.ಗಳ ಚಿಕ್ಕ ಓಡಾಟದಲ್ಲಿ ತಣ್ಣಗಿನ ಎಂಜಿನ್ ತನ್ನನ್ನೂ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಲೇ ಪೆಟ್ರೋಲ್ ಸುಡುತ್ತದೆ. ಹೆದ್ದಾರಿಯಲ್ಲಿ ಚಿತ್ರ ಬದಲಾಗುತ್ತದೆ. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದ ಪ್ರಮಾಣದಲ್ಲಿ ಏರುವುದರಿಂದ ಕಿ.ಮೀ.ಗೆ ಯೂನಿಟ್ ಬೇಗ ಹೆಚ್ಚುತ್ತದೆ. ಎಂಜಿನ್ನಿಗೂ ಅದೇ ತಡೆ ಇದೆ, ಆದರೆ ಒಂದೇ ಸಮನೆ ಹೊರೆ ಹೊತ್ತಾಗ ಅದು ಹೆಚ್ಚು ದಕ್ಷವಾಗಿ ಕೆಲಸ ಮಾಡುವುದರಿಂದ ಏಟು ಅಷ್ಟು ಜೋರಾಗಿ ಬೀಳುವುದಿಲ್ಲ.

ಇದರಿಂದ ದಿನನಿತ್ಯಕ್ಕೆ ಸಿಗುವ ಸೂಚನೆ ಇದು: ಪ್ರಯಾಣ ಬ್ಯಾಟರಿಯ ದೂರಕ್ಕಿಂತ ಉದ್ದವಿದ್ದರೆ, ಹೆದ್ದಾರಿಗೆ ಬಂದಾಗ ಬ್ಯಾಟರಿ ಉಳಿಸುವ ಹೋಲ್ಡ್ ಮೋಡ್ ಹಾಕಿ, ಊರುಗಳೊಳಗೆ ಕರೆಂಟಿನಲ್ಲಿ ಓಡಿಸಿ. ಆದರೆ ಮನೆ ಸೇರುವಾಗ ಬ್ಯಾಟರಿ ಮುಗಿದಿರಲಿ. ಉಳಿಸಿ ಮನೆಗೆ ತಂದ ಯೂನಿಟ್ಟಿನಷ್ಟು ಪೆಟ್ರೋಲನ್ನು ದಾರಿಯಲ್ಲಿ ಸುಮ್ಮನೆ ಸುಟ್ಟಂತೆ. ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸುವ ಮೋಡ್ ಖರ್ಚಿನ ದೃಷ್ಟಿಯಿಂದ ಸಾಮಾನ್ಯವಾಗಿ ನಷ್ಟವೇ. ಪೆಟ್ರೋಲ್ ಜನರೇಟರಿಗೆ, ಅಲ್ಲಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಮೋಟಾರಿಗೆ ಹೋಗುವಾಗ ಪ್ರತಿ ಕೈಬದಲಿನಲ್ಲೂ ಒಂದಿಷ್ಟು ಸೋರುತ್ತದೆ.

ಚಳಿ ಹೆಚ್ಚಿರುವ ಕಡೆ ಲೆಕ್ಕವನ್ನು ಎರಡು ಬಾರಿ ಮಾಡಲೇಬೇಕು. 25 ಕಿ.ಮೀ.ಯ ಅರ್ಧ ಗಂಟೆಯ ಓಟಕ್ಕೆ 5 ಯೂನಿಟ್ ಬೇಕೆಂದಿಟ್ಟುಕೊಳ್ಳಿ. 3 ಕಿಲೋವ್ಯಾಟಿನ ಹೀಟರ್ ಅಷ್ಟು ಹೊತ್ತು ಉರಿದರೆ ಮತ್ತೆ 1.5 ಯೂನಿಟ್. ಖರ್ಚು ಶೇ. 30 ಏರಿತು. ಎಂಜಿನ್ ಓಡುವಾಗ ಕಾರು ಬೆಚ್ಚಗಾಗಲು ಬೇರೆ ಖರ್ಚಿಲ್ಲ, ಹೇಗೂ ವ್ಯರ್ಥವಾಗುವ ಶಾಖವೇ ಸಾಕು. ಸೀಟಿನ ಹೀಟರ್ ತಿನ್ನುವುದು ನೂರು ವ್ಯಾಟಿನ ಆಸುಪಾಸು, ಮೊದಲು ಅದನ್ನು ಹಾಕಿ ನೋಡಿ. ಎಸಿಯ ಏಟು ಹೀಟರಿನಷ್ಟು ದೊಡ್ಡದಲ್ಲ.

ಹಂತ 7: ಮನೆಯ ಹೊರಗಿನ ಚಾರ್ಜಿಂಗ್

ಲೀಟರಿನ ಬೆಲೆಯನ್ನು ನಿಮ್ಮ ಸಮತೂಕದ ಅಂಕಿಯಿಂದ ಭಾಗಿಸಿ. ಹೊರಗೆ ಒಂದು ಯೂನಿಟ್ಟಿಗೆ ನೀವು ಕೊಡಬಹುದಾದ ಗರಿಷ್ಠ ಬೆಲೆ ಅದು. ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲಿಡಿ. ಅದಕ್ಕಿಂತ ದುಬಾರಿಯಾದರೆ ಪ್ಲಗ್ ಹಾಕದೆ ಮುಂದೆ ಹೋಗಿ.

ನಿಮಿಷದ ಲೆಕ್ಕದಲ್ಲಿ ಹಣ ಕೇಳುವ ಕಡೆ ಹೆಚ್ಚು ಎಚ್ಚರ ಬೇಕು. ಚಾರ್ಜಿಂಗ್ ಕಂಬದ ಮೇಲೆ 22 ಕಿಲೋವ್ಯಾಟ್ ಎಂದು ಬರೆದಿದ್ದರೂ ನಿಮ್ಮ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾದರೆ ಗಂಟೆಗೆ ಸಿಗುವುದು 3.3 ಯೂನಿಟ್ ಮಾತ್ರ. ಗಂಟೆಯ ಶುಲ್ಕವನ್ನು 3.3ರಿಂದ ಭಾಗಿಸಿ, ಚೀಟಿಯ ಅಂಕಿಗೆ ಹೋಲಿಸಿ. ಸಂಪರ್ಕ ಶುಲ್ಕ, ಪಾರ್ಕಿಂಗ್ ಶುಲ್ಕ ಇದ್ದರೆ ಅದನ್ನೂ ಸೇರಿಸಿ. 6 ಯೂನಿಟ್ಟಿನ ಚಾರ್ಜಿಗೆ ಸಂಪರ್ಕ ಶುಲ್ಕ ಬಿದ್ದಾಗ ಯೂನಿಟ್ಟಿಗೆ ತಗುಲುವ ಪಾಲು, 60 ಯೂನಿಟ್ ತುಂಬುವ ಪೂರ್ತಿ ಎಲೆಕ್ಟ್ರಿಕ್ ಕಾರಿಗಿಂತ ಹತ್ತು ಪಟ್ಟು.

ಹಂತ 8: ತಿಂಗಳ ಲೆಕ್ಕ

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಸಾಕು: ದಿನಾಂಕ, ಓಡೋಮೀಟರ್, ಗೋಡೆಯ ಯೂನಿಟ್, ಹಾಕಿಸಿದ ಲೀಟರ್, ಕೊಟ್ಟ ಹಣ. ಇದರಲ್ಲಿ ಕರೆಂಟಿನಲ್ಲಿ ಓಡಿದ್ದೆಷ್ಟು ಎಂದು ಬಿಡಿಸುವಾಗ ಕಾರು ತೋರಿಸುವ ಎಲೆಕ್ಟ್ರಿಕ್ ಕಿ.ಮೀ.ಯನ್ನು ಹಾಗೇ ತೆಗೆದುಕೊಳ್ಳಬೇಡಿ. ಕೆಲವು ಕಾರುಗಳು ಹೈಬ್ರಿಡ್ ಮೋಡಿನಲ್ಲಿ ಎಂಜಿನ್ ಆರಿದ್ದ ದೂರವನ್ನೂ ಅದಕ್ಕೆ ಸೇರಿಸುತ್ತವೆ. ಆ ದೂರಕ್ಕೂ ಶಕ್ತಿ ಕೊಟ್ಟದ್ದು ಪೆಟ್ರೋಲೇ. ಬದಲಿಗೆ, ಖರ್ಚಾದ ಲೀಟರನ್ನು ಹಂತ 3ರ ಮೈಲೇಜಿನಿಂದ ಗುಣಿಸಿ. ಅದು ಪೆಟ್ರೋಲಿನ ಕಿ.ಮೀ. ಒಟ್ಟು ದೂರದಿಂದ ಅದನ್ನು ಕಳೆದರೆ ಉಳಿದದ್ದು ಕರೆಂಟಿನದು.

ದಿನಾ ಪ್ಲಗ್ ಹಾಕಿ ಓಡಿಸಿದರೂ ಒಂದಷ್ಟು ಪೆಟ್ರೋಲ್ ಖರ್ಚಾಗುತ್ತಲೇ ಇರುತ್ತದೆ. ಷೆವರ್ಲೆ ವೋಲ್ಟ್ ಸುಮಾರು ಆರು ವಾರ ಎಂಜಿನ್ ಓಡದಿದ್ದರೆ ತಾನಾಗಿ ಸ್ವಲ್ಪ ಹೊತ್ತು ಓಡಿಸಿಕೊಳ್ಳುತ್ತದೆ, ಟ್ಯಾಂಕಿನ ಪೆಟ್ರೋಲ್ ವರ್ಷದಷ್ಟು ಹಳೆಯದಾದರೆ ಅದನ್ನು ಸುಟ್ಟು ಮುಗಿಸಲು ನೋಡುತ್ತದೆ. ಇದನ್ನು ತಪ್ಪಿಸಲಾಗದು. ದಿನಾ ಕರೆಂಟಿನಲ್ಲೇ ಓಡಿಸುವವರು ಟ್ಯಾಂಕ್ ಪೂರ್ತಿ ತುಂಬಿಸದೆ ಕಡಿಮೆ ಹಾಕಿಸಿಕೊಳ್ಳುವುದು ಜಾಣತನ. ಎಂಜಿನ್ ಆಯಿಲ್ ಕೂಡ ದೂರಕ್ಕಷ್ಟೇ ಅಲ್ಲ, ಕಾಲಕ್ಕೂ ಬದಲಾಗುವುದರಿಂದ ಕರೆಂಟಿನಲ್ಲಿ ಓಡಿಸಿದೆನೆಂದು ಸರ್ವೀಸ್ ಖರ್ಚು ತೀರಾ ಇಳಿಯುವುದಿಲ್ಲ.

ಲೆಕ್ಕ ತಪ್ಪಿದೆ ಎಂದು ತಿಳಿಸುವ ಗುರುತುಗಳು

ಗೋಡೆಯ ಯೂನಿಟ್ ಡ್ಯಾಶ್‌ಬೋರ್ಡಿಗಿಂತ ಕಡಿಮೆ ಬಂದರೆ ಅದು ಆಗದ ಮಾತು. ನಡುವೆ ಬೇರೆಡೆ ಚಾರ್ಜ್ ಮಾಡಿದ್ದೀರಿ, ಇಲ್ಲವೇ ಮೀಟರ್ ನಡುವೆ ಸೊನ್ನೆಯಾಗಿದೆ, ಇಲ್ಲವೇ ಎಂಜಿನ್ ಓಡಿದೆ.

ಗೋಡೆಯ ಅಂಕಿ ಡ್ಯಾಶ್‌ಬೋರ್ಡಿಗಿಂತ ಶೇ. 30ಕ್ಕೂ ಹೆಚ್ಚಾದರೆ, ತೀರಾ ಕಡಿಮೆ ಆಂಪಿಯರಿನಲ್ಲಿ ಚಾರ್ಜ್ ಆಗುತ್ತಿರಬಹುದು, ಪ್ಲಗ್ ಹಾಕಿದಾಗ ಎಸಿ ಅಥವಾ ಹೀಟರ್ ಓಡುತ್ತಿರಬಹುದು, ಚಳಿಯಲ್ಲಿ ಬ್ಯಾಟರಿ ತನ್ನನ್ನು ಬೆಚ್ಚಗಿಟ್ಟುಕೊಳ್ಳುತ್ತಿರಬಹುದು. ಇವು ಯಾವುವೂ ಅಲ್ಲವಾದರೆ ಲೈನಿನ ಜೋಡಣೆಗಳನ್ನು ಪರೀಕ್ಷೆ ಮಾಡಿಸಿ.

ಪೆಟ್ರೋಲಿನ ಮೈಲೇಜ್ ಲೀಟರಿಗೆ 40 ದಾಟಿದರೆ ಬ್ಯಾಟರಿ ಕೈಜೋಡಿಸಿದೆ ಎಂದೇ ಅರ್ಥ. ಹಂತ 3ನ್ನು ಮತ್ತೆ ಮಾಡಿ.

ವಿದೇಶದ ಅಂಕಿಗಳನ್ನು ಹೋಲಿಸುವಾಗ ಗ್ಯಾಲನ್ ಯಾವುದೆಂದು ನೋಡಿ. ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546. ಒಂದು ಮೈಲಿ 1.609 ಕಿ.ಮೀ. ಟೈರಿನ ಅಳತೆ ಬದಲಿಸಿದ್ದರೆ ಓಡೋಮೀಟರೇ ತಪ್ಪು ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳಿಗೋ ಜಿಪಿಎಸ್‌ಗೋ ಹೋಲಿಸಿ 20 ಕಿ.ಮೀ. ಓಡಿಸಿ, ಎಷ್ಟು ತಪ್ಪುತ್ತದೆ ಎಂದು ಬರೆದಿಟ್ಟುಕೊಳ್ಳಿ. ಸಮತೂಕದ ಅಂಕಿಯಲ್ಲಿ ಕರೆಂಟಿನ ಕಿ.ಮೀ.ಯೂ ಪೆಟ್ರೋಲಿನ ಕಿ.ಮೀ.ಯೂ ಒಂದೇ ಪ್ರಮಾಣದಲ್ಲಿ ತಪ್ಪುವುದರಿಂದ ಅದು ಕೆಡುವುದಿಲ್ಲ. ಕಿ.ಮೀ.ಗೆ ಇಷ್ಟು ಖರ್ಚು ಎಂದು ಹೇಳುವಾಗ ಮಾತ್ರ ತಿದ್ದಿಕೊಳ್ಳಬೇಕು.